ಆ ಶುಕ್ರವಾರದ 136 ನಡೆ

ನಮ್ಮ ದುಬೈಯಲ್ಲೇ ನಡೆದ ಆಟ ಇದು. ಎಕ್ಸ್‌ಪೋ ನೋಡಲು ಹೋದ ನಮ್ಮವರಲ್ಲಿ ಎಷ್ಟೋ ಮಂದಿಗೆ ಅಲ್ಲೇ ವಿಶ್ವ ಚೆಸ್ ಚಾಂಪಿಯನ್‌ಷಿಪ್ ನಡೀತಿದೆ ಅಂತ ಗೊತ್ತಿರಲಿಲ್ಲ. 2021ರ ಡಿಸೆಂಬರ್ 3. ನಾರ್ವೆಯ ಕಾರ್ಲ್‌ಸನ್, ರಷ್ಯಾದ ನೆಪೋಮ್‌ನಿಯಾಚಿ ನಡುವಿನ ಆರನೇ ಆಟ. ಮೊದಲ ಐದೂ ಡ್ರಾ.

ಆಗಿನ್ನೂ ನಮಗೆ ಶುಕ್ರವಾರ ರಜೆ. ಊರಲ್ಲಿರುವ ಮಗ ಎಂಟನೇ ಕ್ಲಾಸು, ಚೆಸ್ ಹುಚ್ಚು. ಬೋಟಿಮ್‌ನಲ್ಲಿ ನಮ್ಮಿಬ್ಬರ ಮಾತು ಅಂದ್ರೆ "ಊಟ ಆಯ್ತಾ? ಓದ್ಕೊಂಡ್ಯಾ?" ಅಷ್ಟೇ, ಆಮೇಲೆ ಫೋನು ಅವರಮ್ಮನ ಕೈಗೆ. ಅವತ್ತು ಸಂಜೆ ನಾಲ್ಕೂವರೆಗೆ ಅವನೇ ಕರೆ ಮಾಡಿದ: "ಅಪ್ಪಾ, ಶುರುವಾಯ್ತು."

ಬಿಳಿ ಕಾಯಿ ಕಾರ್ಲ್‌ಸನ್‌ದು. ಆಡಿದ್ದು ಕ್ಯಾಟಲನ್ ಓಪನಿಂಗ್‌ನ ಧಾಟಿ. 1929ರ ಬಾರ್ಸಿಲೋನಾ ಟೂರ್ನಿಯಲ್ಲಿ ಟಾರ್ಟಕೋವರ್ ಆಡಿದ ಮೇಲೆ ಇದಕ್ಕೆ ಕ್ಯಾಟಲೋನಿಯಾ ಪ್ರಾಂತ್ಯದ ಹೆಸರೇ ಬಂತು. ರಾಜನ ಪಕ್ಕದ ಒಂಟೆಯನ್ನು ಜಿ2 ಮನೆಗೆ ತಂದು ಕೂರಿಸುತ್ತಾರೆ. ಅಲ್ಲಿಂದ ಅದು ಬೋರ್ಡಿನ ಆ ಮೂಲೆವರೆಗೂ ಓರೆಯಾಗಿ ಕಾಯುತ್ತಿರುತ್ತದೆ, ಅವಸರದ ಜಗಳಕ್ಕೆ ಇಳಿಯೋದಿಲ್ಲ. ರೂಢಿಯಲ್ಲಿ ಬೇಗನೇ ಮುಂದೆ ತಳ್ಳುವ ಸಿ ಕಾಲಾಳನ್ನು ಕಾರ್ಲ್‌ಸನ್ ಎಂಟನೇ ನಡೆವರೆಗೆ ತಡೆದ. ತಳ್ಳಿದಾಗ ಎದುರಾಳಿ ಹೊಡೆದ. ಹನ್ನೊಂದನೇ ನಡೆಯಲ್ಲಿ ಕುದುರೆಯಿಂದ ವಸೂಲಿ. ನಮ್ಮಂಥ ಅಕೌಂಟೆಂಟ್‌ಗಳಿಗೆ ಹಿಡಿಸುವ ಸಾಲ.

26ನೇ ನಡೆಗೆ ಮಗ ಕಿರುಚಿದ: "ಅಪ್ಪಾ, ರಾಣಿ ಹೋಯ್ತು!" ಬದಲಿಗೆ ಎರಡು ಆನೆ ಸಿಕ್ಕಿದ್ದವು. "9 ಕೊಟ್ಟ, 10 ತಗೊಂಡ ಕಣೋ" ಅಂದೆ. "ಬರೀ ಲೆಕ್ಕ ಅಲ್ಲಪ್ಪಾ ಅದು, ಆನೆಗಳು ಒಟ್ಟಿಗಿದ್ರೆ ಮಾತ್ರ 10." ಇದನ್ನು ಅವನು ಯಾವಾಗ ಕಲಿತನೋ, ಆ ವರ್ಷ ನಾನು ಊರಿಗೇ ಹೋಗಿರಲಿಲ್ಲ.

ಮೊದಲ 40 ನಡೆಗೆ ತಲಾ 2 ಗಂಟೆ. ಕೊನೆಗೆ ಗಡಿಯಾರದ ಒತ್ತಡಕ್ಕೆ ಸಿಕ್ಕಿ ಇಬ್ಬರೂ ಒಳ್ಳೇ ಅವಕಾಶ ಬಿಟ್ಟರು. ಆಮೇಲೆ ಶುರುವಾಯ್ತು ನೋಡಿ ನಿಜವಾದ ಸವೆತ. ಕಾರ್ಲ್‌ಸನ್ ಬಳಿ ಒಂದು ಆನೆ, ಒಂದು ಕುದುರೆ, ಎರಡು ಕಾಲಾಳು. ಆ ಕಡೆ ಬರೀ ರಾಣಿ. ಮತ್ತೆ ಅದೇ 10, ಅದೇ 9. ಸರಿಯಾಗಿ ಆಡಿದರೆ ಡ್ರಾ. ಆದರೆ ಗಂಟೆಗಟ್ಟಲೆ ಸರಿಯಾಗೇ ಆಡಬೇಕಾದ ಸಂಕಟ ರಾಣಿಯ ಕಡೆಯವನಿಗೆ.

ಊರಲ್ಲಿ ಒಂದು ಗಂಟೆ ದಾಟಿತ್ತು. ಅವರಮ್ಮ ಎರಡು ಸಲ ಬೈದು ಹೋಗಿ ಮಲಗಿದ್ದಳು. ಮಗನ ಮಾತು ನಿಂತು, ದಿಂಬಿನ ಪಕ್ಕ ಇಟ್ಟ ಫೋನಿನಲ್ಲಿ ಉಸಿರಾಟ ಮಾತ್ರ ಕೇಳ್ತಿತ್ತು. ನಾನು ಕಾಲ್ ಕಟ್ ಮಾಡಲಿಲ್ಲ. 136ನೇ ನಡೆಗೆ ಕುದುರೆ ಜಿ7ಕ್ಕೆ ಹಾರಿತು, ನೆಪೋಮ್‌ನಿಯಾಚಿ ಸೋಲೊಪ್ಪಿದ. ಏಳೂಮುಕ್ಕಾಲು ಗಂಟೆ. ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಅಷ್ಟೊಂದು ನಡೆಗಳ ಆಟ ಅದುವರೆಗೆ ನಡೆದಿರಲಿಲ್ಲ.

ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಅವನ ಮೆಸೇಜ್ ಬಂತು: "ಯಾರು ಗೆದ್ರು ಅಂತ ಹೇಳ್ಬೇಡ. ಸಂಜೆ ಒಟ್ಟಿಗೆ ನೋಡೋಣ."