ಅಡುಗೆಮನೆಯ ಕಾವಲು

ತನ್ನ ಮನೆಯ ಅಜಾಗರೂಕತೆಯನ್ನು ನಾಲ್ವರೆದುರು ಹೇಳಿಕೊಳ್ಳಲು ಗೃಹಸ್ಥನು ನಾಚುವುದು ಸಹಜ. ಆದರೂ ಕಳೆದ ಕಾರ್ತಿಕಮಾಸದಲ್ಲಿ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಬರೆಯುತ್ತಿದ್ದೇನೆ. ಇದರಿಂದ ಒಂದು ಮನೆಯವರಾದರೂ ಎಚ್ಚತ್ತರೆ ನನ್ನ ನಾಚಿಕೆಯು ಸಾರ್ಥಕವಾದೀತು.

ನಮ್ಮ ತಾಯಿಯವರಿಗೆ 78 ವರ್ಷ. ನಸುಕಿನಲ್ಲೆದ್ದು ಮಿಂದು, ಅಡುಗೆಮನೆಯ ಮೂಲೆಯಲ್ಲಿರುವ ದೇವರ ಗೂಡಿನ ಮುಂದೆ ದೀಪ ಹಚ್ಚುವುದು ಅವರ ನಿತ್ಯನೇಮ. ಅಂದು ನೀರು ಕುಡಿಯಲೆಂದು ಬಂದ ನಾನು ಹೊಸ್ತಿಲಲ್ಲಿಯೇ ನಿಂತುಬಿಟ್ಟೆನು. ಕೊಳೆತ ಎಲೆಕೋಸಿನಂತಹ ದುರ್ವಾಸನೆಯು ಮುಖಕ್ಕೆ ಹೊಡೆಯಿತು. ಒಳಗೆ ತಾಯಿಯವರು ಬೆಂಕಿಕಡ್ಡಿಯನ್ನು ಕೈಗೆತ್ತಿಕೊಂಡಿದ್ದರು. “ಅಮ್ಮಾ, ಗೀರಬೇಡ!” ಎಂದು ಓಡಿ ಅವರ ಕೈ ಹಿಡಿದೆನು. “ಏಕೋ, ಏನಾಯಿತು?” ಎಂದು ಅವರು ಬೆರಗಾದರು. ಅವರಿಗೆ ಯಾವ ವಾಸನೆಯೂ ಬಂದಿರಲಿಲ್ಲ.

ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಅವರನ್ನು ಅಂಗಳಕ್ಕೆ ಕರೆತಂದು, ಅಲ್ಲಿಂದಲೇ ಸೋರಿಕೆಯ ದೂರವಾಣಿ ಸಂಖ್ಯೆ 1906ಕ್ಕೆ ತಿಳಿಸಿದೆನು. ಬಂದ ಕೆಲಸಗಾರನು ಒಲೆಯ ಬಳಿ ಬಿರಿದಿದ್ದ ರಬ್ಬರು ಕೊಳವೆಯನ್ನು ತೋರಿಸಿದನು. 5 ವರ್ಷಕ್ಕೊಮ್ಮೆ ಬದಲಿಸತಕ್ಕ ಆ ಕೊಳವೆಗೆ 8 ವರ್ಷವಾಗಿತ್ತು. ರಾತ್ರಿ ರೆಗ್ಯುಲೇಟರನ್ನು ಮುಚ್ಚಲು ಮರೆತವನೂ ನಾನೇ. ಹಿಂದೊಮ್ಮೆ ತಪಾಸಣೆಗೆಂದು ಬಂದವನನ್ನು ಹಬ್ಬದ ಗಡಿಬಿಡಿಯೆಂದು ಬಾಗಿಲಿನಿಂದಲೇ ಕಳುಹಿಸಿದವನೂ ನಾನೇ.

ನಮ್ಮ ಅಡುಗೆಯ ಅನಿಲವು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಅದಕ್ಕೆ ಸ್ವತಃ ಗುರುತಿಸಬಹುದಾದ ವಾಸನೆಯಿಲ್ಲ. ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆ ಹರಡಿಕೊಳ್ಳುವುದು. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಸಿಡಿಯಬಲ್ಲದು. ಎಥಿಲ್ ಮರ್ಕ್ಯಾಪ್ಟನ್ ಎಂಬ ದ್ರವ್ಯವನ್ನು ಬೆರೆಸಿ ಆ ದುರ್ವಾಸನೆಯನ್ನು ಬೇಕೆಂದೇ ತರುತ್ತಾರೆ. 1937ನೆಯ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯೊಂದರಲ್ಲಿ, ವಾಸನೆಯಿಲ್ಲದ ನೈಸರ್ಗಿಕ ಅನಿಲವು ಸೋರಿ ಸಿಡಿದು, ಸುಮಾರು 300 ಮಂದಿ ಮಕ್ಕಳೂ ಉಪಾಧ್ಯಾಯರೂ ಮಡಿದರು. ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬ ಕಾನೂನನ್ನು ಆ ಸಂಸ್ಥಾನವು ಮಾಡಿದುದು ಆ ದುಃಖದ ತರುವಾಯವೇ. ನಾವು ಮೂಗು ಮುಚ್ಚಿಕೊಳ್ಳುವ ಆ ನಾತವು ಎಷ್ಟೋ ತಾಯಂದಿರ ಕಣ್ಣೀರಿನಿಂದ ಬಂದ ಕಟ್ಟಳೆ.

ಆದರೆ ಮುಪ್ಪಿನಲ್ಲಿ ಮೂಗು ಮಂದವಾದವರಿಗೆ ಆ ಕಾವಲು ಎಲ್ಲಿಯದು? ಅಂದು ಸಂಜೆ ತಾಯಿಯವರು ಮೆಲ್ಲನೆ, “ಇನ್ನು ನಾನು ಅಡುಗೆಮನೆಗೆ ಹೋಗಬಾರದೇನೋ?” ಎಂದು ಕೇಳಿದರು. ಅರುವತ್ತು ವರ್ಷ ಆ ಒಲೆಯ ಮುಂದೆ ನಿಂತು ನಮ್ಮೆಲ್ಲರನ್ನೂ ಸಾಕಿದವರು! ನನಗೆ ಮಾತು ಹೊರಡಲಿಲ್ಲ.

ಮರುದಿನವೇ ದೇವರ ಗೂಡನ್ನು ನಡುಮನೆಗೆ ತಂದೆವು. ಸೋರಿಕೆಯನ್ನು ಕಂಡು ಕೂಗುವ ಯಂತ್ರವೊಂದನ್ನು ಅಡುಗೆಮನೆಯ ಗೋಡೆಯಲ್ಲಿ ನೆಲದ ಸಮೀಪಕ್ಕೆ ಇರಿಸಿದೆವು. ಸಿಲಿಂಡರಿನ ಹಿಡಿಕೆಯ ಕೆಳಗಿನ ಪಟ್ಟಿಯಲ್ಲಿ ಬರೆದ ಅಕ್ಷರವನ್ನು ಓದುವ ಬಗೆಯನ್ನು ತಾಯಿಯವರಿಗೆ ತಿಳಿಸಿದೆನು. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ವರ್ಷದ ಕಡೆಯ ಮೂರು ತಿಂಗಳು; ಪಕ್ಕದ ಅಂಕೆಯು ವರ್ಷ. ಸಿಲಿಂಡರನ್ನು ಮತ್ತೆ ಪರೀಕ್ಷಿಸಬೇಕಾದ ಗಡುವು ಅದು. “ಮೂಗು ಹೋದರೂ ಕಣ್ಣಿದೆಯಲ್ಲ” ಎಂದು ನಕ್ಕರು.

ಮೊನ್ನೆ ಸಿಲಿಂಡರು ತಂದ ಹುಡುಗನನ್ನು ಅವರೇ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಗಡುವನ್ನು ಓದಿ, ತೂಕ ಮಾಡಿಸಿ, ಸೋರಿಕೆಯನ್ನು ನೋಡಿಸಿದರು. ಹೊತ್ತಾಯಿತೆಂದು ಅವನು ಗೊಣಗಿದನು. “ಆಗಲಪ್ಪ, ಕೂತುಕೋ. ಮಜ್ಜಿಗೆ ಕೊಡುತ್ತೇನೆ” ಎಂದು ತಾಯಿಯವರು ಅಡುಗೆಮನೆಗೆ ಹೋದರು.