ಇದ್ದಿಲಿನ ಗುರುತುಗಳು

ದೇವಾಲಯವು ಹಳತಾದರೆ ಅದನ್ನು ನೆಟ್ಟಗೆ ಮಾಡುವ ಕಾರ್ಯಕ್ಕೆ ಜೀರ್ಣೋದ್ಧಾರವೆಂಬ ಘನವಾದ ಹೆಸರುಂಟು. ಅದಕ್ಕೊಂದು ಮುಹೂರ್ತವುಂಟು, ದಾನಿಗಳ ಹೆಸರು ಕೆತ್ತಿದ ಶಿಲೆಯುಂಟು. ಮನೆಯ ಮಾಡಿನ ಒಡೆದ ಹಂಚೊಂದನ್ನು ತೆಗೆದು ಬೇರೊಂದನ್ನು ಇಡುವ ಕೆಲಸಕ್ಕೆ ಅಂಥ ಗೌರವವಿಲ್ಲ. ಮಾಡಿದವನು ಏಣಿಯಿಂದಿಳಿದು ಕೈ ತೊಳೆದುಕೊಂಡರೆ ಅಲ್ಲಿಗೆ ಮುಗಿಯಿತು. ಮಾಡಿದ್ದು ಯಾರ ಕಣ್ಣಿಗೂ ಬೀಳುವದಿಲ್ಲ. ಮಾಡದೆ ಬಿಟ್ಟದ್ದು ಮಾತ್ರ ಮೃಗಶಿರಾ ಮಳೆ ಹಿಡಿದೊಡನೆ ಮನೆಮಂದಿಗೆಲ್ಲ ತಿಳಿಯುವದು.

ಕುಮಟೆ, ಹೊನ್ನಾವರ, ಭಟ್ಕಳಗಳ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವದು. ಅದರಲ್ಲಿ ಬಹುಭಾಗವು ನಾಲ್ಕೇ ತಿಂಗಳುಗಳದು. ಇಲ್ಲಿಯ ಪೂರ್ವಿಕರು ಈ ಮಳೆಯನ್ನು ಎಂದೂ ಮರೆತವರಲ್ಲ. ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಖೇತಪೈ ನಾರಾಯಣ ದೇವಾಲಯವನ್ನು ನೋಡಿದವರು ಇದನ್ನು ಬಲ್ಲರು: ಕಟ್ಟಡವೆಲ್ಲ ಕಲ್ಲಿನದಾದರೂ ಮೇಲಿನ ಚಪ್ಪಡಿಗಳನ್ನು ಹುಲ್ಲುಮಾಡಿನಂತೆ ಇಳಿಜಾರಾಗಿಯೇ ಹೊದಿಸಿದ್ದಾರೆ. ಬಡವರ ಮನೆಗಳಿಗೆ ಸೋಗೆ, ಮಡಲು, ಹುಲ್ಲು. ಉಳ್ಳವರ ಮನೆಗಳಿಗೆ ನಾಡಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಒಂದರಲ್ಲೊಂದು ಕಚ್ಚಿಕೊಂಡು ಕೂಡುವ ಆ ಕೆಂಪು ಹಂಚುಗಳು ಕ್ರಮವಾಗಿ ಈ ಕರಾವಳಿಯ ಮನೆಗಳನ್ನೇರಿದವು.

ಭಟ್ಕಳದ ಹತ್ತಿರ ಅಂಥದೊಂದು ಮನೆಯಿದೆ. ಗೋಡೆ ಕೆಂಪುಕಲ್ಲಿನದು, ಗಾರೆ ಚಿಪ್ಪಿನ ಸುಣ್ಣದ್ದು, ಪಕಾಸಿಗಳು ಮತ್ತಿಯ ಮರದವು. ಅದರ ಯಜಮಾನರು ತಮ್ಮ ಎಂಬತ್ತೊಂದನೆಯ ವಯಸ್ಸಿನವರೆಗೂ ಆ ಮನೆಯ ವೈದ್ಯರಾಗಿದ್ದರು ಎಂದರೆ ಸಲ್ಲುವದು. ವೈಶಾಖದಲ್ಲಿ ಹಂಚು ಕೈಯಾಡಿಸುವದು, ಒರಲೆ ಹತ್ತದಂತೆ ಪಕಾಸಿಯ ತುದಿಗಳಿಗೆ ಗೇರೆಣ್ಣೆ ಬಳಿಯುವದು, ಜಗಲಿಗೆ ಜಡಿತಟ್ಟಿ ಕಟ್ಟುವದು. ಮಳೆ ಹಿಂದೆಗೆದ ಮೇಲೆ ತಟ್ಟಿ ಬಿಚ್ಚಿ ಗೋಡೆಗೆ ಸುಣ್ಣ ಹೊಡೆಯುವದು. ಗೋಡೆಗೆ ಸಿಮೆಂಟು ಬಳಿಯಿರೆಂದು ಹೇಳಿದವರಿಗೆ ಅವರು ಒಪ್ಪಲಿಲ್ಲ. ಕೆಂಪುಕಲ್ಲು ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಬಿಡಬೇಕು. ಸಿಮೆಂಟು ಅದರ ಬಾಯಿ ಮುಚ್ಚುವದೆಂಬದು ಅವರ ವಾದ. ಅದು ಸರಿಯಾದ ವಾದವೇ ಆಗಿತ್ತು.

ಅವರ ಮೂವರು ಮಕ್ಕಳೂ ಹೊರಗಿನ ಊರುಗಳಲ್ಲಿ ಉದ್ಯೋಗದಲ್ಲಿದ್ದರು. ಹಿರಿಯ ಮಗನು ಬಾಲ್ಯದಲ್ಲಿ ತಂದೆಯೊಡನೆ ಏಣಿ ಹಿಡಿದವನು. ಅಟ್ಟದಲ್ಲಿ ಹನಿ ಬೀಳುವ ಜಾಗದ ನೇರ ಮೇಲಿನ ಹಂಚಿಗೆ ಅವನು ಕೈಹಾಕಿದಾಗ, “ಹನಿ ಬಿದ್ದಲ್ಲಿ ತೂತಿರುವದಿಲ್ಲ ತಮಾ, ಮೇಲೆ ನೋಡು” ಎಂದು ಅವರು ತಡೆಯುತ್ತಿದ್ದರು. ಒಡಕಿನಿಂದ ಒಳಬಂದ ನೀರು ರೀಪಿಗೋ ಪಕಾಸಿಗೋ ಅಂಟಿಕೊಂಡು ಎರಡು ಮೊಳ ಕೆಳಗೆ ಹರಿದು ಆಮೇಲೆ ತೊಟ್ಟಿಕ್ಕುವದು. ಆದಕಾರಣ ಮಳೆ ಸುರಿಯುತ್ತಿರುವಾಗಲೇ ಅಟ್ಟ ಹತ್ತಿ, ನೀರಿನ ದಾರಿ ಹಿಡಿದು ಹೋಗಿ, ಒಡಕಿನ ಹತ್ತಿರದ ಪಕಾಸಿಗೆ ಇದ್ದಿಲಿನಿಂದ ಒಂದು ಸೊನ್ನೆ ಬರೆದು ಮಳೆಯ ಹೆಸರನ್ನೂ ವರ್ಷವನ್ನೂ ಕಾಣಿಸುವದು ಅವರ ಪದ್ಧತಿ. ಬಿಸಿಲು ಬಿದ್ದ ದಿನ ಹಂಚು ಬದಲಿಸಿ ಆ ಸೊನ್ನೆಗೆ ಅಡ್ಡಗೆರೆ ಎಳೆಯುತ್ತಿದ್ದರು.

2018ರ ವೈಶಾಖದಲ್ಲಿ ಅವರು ಹಿರಿಯ ಮಗನಿಗೆ ಎರಡು ಸಲ ಫೋನು ಮಾಡಿ, ಹಂಚು ಕೈಯಾಡಿಸುವದಕ್ಕೆ ಎರಡು ದಿನ ಬರಲಾದೀತೇ ಎಂದು ಕೇಳಿದರು. ಮೊದಲ ಸಲ ಅವನು ರಜೆಯಿಲ್ಲವೆಂದನು. ಎರಡನೆಯ ಸಲ, ಹಣ ಕಳಿಸುತ್ತೇನೆ, ತಗಡು ಹೊದಿಸಿಬಿಡಿ, ವರ್ಷವರ್ಷದ ಈ ಗೋಳು ಎಷ್ಟು ದಿನ ಎಂದನು. ಮುದುಕರು “ಆಗಲಿ ತಮಾ” ಎಂದು ಫೋನು ಇಟ್ಟರು. ಆ ಆಷಾಢದಲ್ಲಿ ಅವರು ತೀರಿಕೊಂಡರು.

ಉತ್ತರಕ್ರಿಯೆಗಾಗಿ ಮಕ್ಕಳೆಲ್ಲ ಮನೆಯಲ್ಲಿದ್ದಾಗ ದೇವರ ಕೋಣೆಯ ಬಾಗಿಲು ತೇವಕ್ಕೆ ಉಬ್ಬಿ ಬಿಗಿಯಾಗಿತ್ತು. ಬಂದುಹೋಗುವವರಿಗೆ ತೊಂದರೆಯೆಂದು ಹಿರಿಯ ಮಗನು ಆಚಾರಿಯನ್ನು ಕರೆಸಿ ಅದರ ಅಂಚನ್ನು ಕೀಸಿಸಿದನು. ತಾಯಿಯು ನೋಡಿ, ಅವರು ಮಳೆಗಾಲದಲ್ಲಿ ಬಾಗಿಲಿಗೆ ಕೀಸುಳಿ ಮುಟ್ಟಿಸುತ್ತಿರಲಿಲ್ಲವೆಂದು ಮೆಲ್ಲನೆ ನುಡಿದು ಸುಮ್ಮನಾದಳು. ಮುಂದಿನ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಬಾಗಿಲಿಗೂ ದಾರವಂದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿತು.

2019ರ ವೈಶಾಖದಲ್ಲಿ ಅಣ್ಣತಮ್ಮಂದಿರು ಪುನಃ ಕೂಡಿದರು. ಮನೆಯನ್ನು ಕೆಡವಿ ತಾರಸಿಯ ಮನೆ ಕಟ್ಟಬೇಕೋ, ತಾಯಿಯನ್ನು ಕರೆದೊಯ್ದು ಮನೆಗೆ ಬೀಗ ಹಾಕಬೇಕೋ ಎಂಬದೇ ವಿಚಾರ. ಮರಮಟ್ಟು ಎಷ್ಟು ಬಾಳುವದೆಂದು ನೋಡುವದಕ್ಕೆ ಹಿರಿಯ ಮಗನು ಅಟ್ಟ ಹತ್ತಿದನು. ದೀಪದ ಬೆಳಕು ಬಿದ್ದಲ್ಲೆಲ್ಲ ತಂದೆಯ ಅಕ್ಷರಗಳು: ಆರ್ದ್ರಾ 1974, ಪುಷ್ಯ 1983, ಮೃಗಶಿರಾ 1991. ಪ್ರತಿಯೊಂದು ಸೊನ್ನೆಗೂ ಅಡ್ಡಗೆರೆ. ತಾನು ಊರಲ್ಲಿ ಓದುತ್ತಿದ್ದ ವರ್ಷಗಳು, ತಾನು ಬಿಟ್ಟುಹೋದ ವರ್ಷ, ತನ್ನ ಮದುವೆಯ ವರ್ಷ, ಎಲ್ಲವೂ ಅಲ್ಲಿದ್ದವು; ಯಾವ ವರ್ಷವೂ ಅವರು ಈ ಕೆಲಸವನ್ನು ಬಿಟ್ಟಿರಲಿಲ್ಲ. ಪಶ್ಚಿಮದ ಮೂಲೆಯಲ್ಲಿ ಮಾತ್ರ ಒಂದು ಸೊನ್ನೆ ಹಾಗೆಯೇ ಇತ್ತು: ಆರ್ದ್ರಾ 2018. ಅದರ ಕೆಳಗೆ ಅಡಕೆಯ ಹಾಳೆಗಳನ್ನು ಒಂದಕ್ಕೊಂದು ಹೊಲಿದು ದೋಣಿಯಂತೆ ಮಾಡಿ, ಸೋರುವ ನೀರು ಸೂರಿನ ಹೊರಗೆ ಹೋಗುವಂತೆ ಕಟ್ಟಿದ್ದರು. ಮಾಡು ಹತ್ತುವದು ಕೈಲಾಗದ ಮನುಷ್ಯನು ಅಟ್ಟದ ಮೇಲೆ ಕುಳಿತು ಮಾಡಬಹುದಾದ ಕೆಲಸ ಅದು. ಅದರ ನೇರ ಕೆಳಗೆ ಅವರ ಮಂಚವಿತ್ತು.

ಮಗನು ಬಹಳ ಹೊತ್ತು ಇಳಿದು ಬರಲಿಲ್ಲ. ತಾಯಿ ಕೆಳಗಿನಿಂದ ಕೂಗಿದಾಗ, ಒಂದು ಹಂಚು ಬೇಕು ಎಂದನು. ಹಿತ್ತಿಲ ಗೋಡೆಗೆ ಒರಗಿಸಿಟ್ಟ ಹಳೆಯ ಹಂಚುಗಳಲ್ಲಿ ಒಂದನ್ನು ಕಿರಿಯವನು ತಂದುಕೊಟ್ಟನು. ಹಂಚನ್ನು ಕೂಡಿಸಿಯಾದ ಮೇಲೆ ಹಿರಿಯವನು ಒಲೆಯಿಂದ ಇದ್ದಿಲೊಂದನ್ನು ತರಿಸಿ ಸೊನ್ನೆಗೆ ಅಡ್ಡಗೆರೆ ಎಳೆದನು. ಮನೆ ಕೆಡವುವ ಮಾತು ಆ ಸಲ ಮುಂದೆ ಹೋಗಲಿಲ್ಲ.

ಪಿತೃಋಣವು ಶ್ರಾದ್ಧದಿಂದ ತೀರುವದೆಂದು ನಮ್ಮವರು ನಂಬಿದ್ದಾರೆ. ಶ್ರಾದ್ಧವೆಂಬ ಶಬ್ದವು ಶ್ರದ್ಧೆಯಿಂದ ಹುಟ್ಟಿದ್ದು. ಹಿರಿಯರು ಯಾವದರಲ್ಲಿ ಶ್ರದ್ಧೆಯಿಟ್ಟಿದ್ದರೋ ಅದನ್ನು ನಡೆಸುವದೂ ಆ ಶಬ್ದದ ಅರ್ಥದಿಂದ ದೂರವಾದದ್ದಲ್ಲ. ಅಂದಿನಿಂದ ಮೂವರೂ ವೈಶಾಖದಲ್ಲಿ ಎರಡು ದಿನ ಊರಿಗೆ ಬರುವ ಕಟ್ಟಳೆ ಮಾಡಿಕೊಂಡರು. 2020ರಲ್ಲಿ ಮಾತ್ರ ಸಾಂಕ್ರಾಮಿಕದ ನಿರ್ಬಂಧದಿಂದ ಬರಲಾಗಲಿಲ್ಲ.

2022ರ ಆಗಸ್ಟ್ 2ರ ಬೆಳಗಿಗೆ ಮುಗಿದ ಒಂದೇ ಅಹೋರಾತ್ರಿಯಲ್ಲಿ ಭಟ್ಕಳದಲ್ಲಿ ಐದುನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಅಸುನೀಗಿದರು. ಅಂಥ ವಿಪತ್ತಿನ ಮುಂದೆ ಹಂಚಿನ ಜಾಗ್ರತೆಯು ಏನೂ ಅಲ್ಲ; ಉಳಿದದ್ದನ್ನು ತಮ್ಮ ಸಾಮರ್ಥ್ಯವೆಂದು ಯಾರೂ ಎಣಿಸಲಾಗದು. ಆ ರಾತ್ರಿ ಈ ಮನೆಯು ಮೂರು ಕಡೆ ಸೋರಿತು. ಆಗ ನಿವೃತ್ತನಾಗಿ ತಾಯಿಯೊಡನೆ ಅಲ್ಲಿಯೇ ಇದ್ದ ಹಿರಿಯ ಮಗನು ಅಟ್ಟ ಹತ್ತಿ ಮೂರು ಸೊನ್ನೆ ಬರೆದನು. ಮಳೆ ಹೊಳವಾದ ದಿನ ಮೂರಕ್ಕೂ ಅಡ್ಡಗೆರೆ ಬಿದ್ದಿತು.

ದೇವರ ಕೋಣೆಯ ಬಾಗಿಲಿನ ಅಂಚಿಗೆ ಆಚಾರಿಯು ಹೊನ್ನೆಯ ಪಟ್ಟಿಯೊಂದನ್ನು ಕೂಡಿಸಿಕೊಟ್ಟಿದ್ದಾನೆ. ಆಷಾಢದಲ್ಲಿ ಅದು ಪುನಃ ಬಿಗಿಯಾಗುವದು. ಯಾರೂ ಕೀಸುಳಿ ಮುಟ್ಟಿಸುವದಿಲ್ಲ. ಭುಜಕೊಟ್ಟು ನೂಕಿ ಒಳಗೆ ಹೋಗುವರು.