ಹಲಸಿನ ದಿಮ್ಮಿಯೂ ವೀಣೆಯ ಊರೂ

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಿಂಪಾಡಿಪುರವೆಂಬ ಒಂದು ಸಣ್ಣ ಗ್ರಾಮವುಂಟು. ವೀಣೆ ಮಾಡುವವರ ಊರೆಂದು ಅದಕ್ಕೆ ಹೆಸರು. ಅದೇ ತಾಲ್ಲೂಕಿನಲ್ಲಿ ಆಯುಷ್ಯವನ್ನು ಕಳೆದರೂ ನಾವು ಅದನ್ನು ನೋಡಿರಲಿಲ್ಲ. ಹೋದ ವರ್ಷ ಜ್ಯೇಷ್ಠಮಾಸದಲ್ಲಿ ಅಲ್ಲಿಗೆ ಹೋಗಬೇಕಾಗಿ ಬಂದುದು ವೀಣೆಯ ನಿಮಿತ್ತವಲ್ಲ, ವಿದ್ಯುತ್ತಿನ ಗಿಟಾರಿನ ನಿಮಿತ್ತ! ವಾಚಕರು ಸಂಗತಿಯನ್ನು ಕೇಳಿದ ಮೇಲೆ ನಗಲಿ.

ತೂಬಗೆರೆಯ ಕಡೆಯ ನಮ್ಮ ತೋಟದಲ್ಲಿ ಒಂದು ಹಲಸಿನ ಮರವಿತ್ತು. ನಮ್ಮ ಮನೆಯವರು ಮದುವೆಯಾಗಿ ಬಂದ ವರ್ಷ ಬೀಜ ಊರಿ, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರ. ಅವರು ತೀರಿಕೊಂಡ ಮೂರನೆಯ ವರ್ಷ, ವೈಶಾಖದ ಬಿರುಗಾಳಿಗೆ ಅದು ಬುಡಸಹಿತ ಉರುಳಿತು. ಸೌದೆಯವನು ಬಂದು ಬೆಲೆ ಕಟ್ಟಿದನು. ನಾವೂ ಒಪ್ಪಿದ್ದೆವು. ಅಷ್ಟರಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಕಿರಿಯ ಮಗನು, "ಅಪ್ಪಾ, ಅಮ್ಮನ ಮರವನ್ನು ಒಲೆಗೆ ಕೊಡಬೇಡಿ. ನಾನು ಅದರಲ್ಲಿ ಗಿಟಾರಿನ ಮೈ ಮಾಡುತ್ತೇನೆ" ಎಂದನು.

ನಮಗೆ ಆ ವಾದ್ಯದ ಪರಿಚಯವಿರಲಿಲ್ಲ. ಅವನು ವಿವರಿಸಿದುದನ್ನು ಸಂಗ್ರಹಿಸಿ ಹೇಳುತ್ತೇವೆ. ವೀಣೆಯ ಕುಡ ಟೊಳ್ಳು. ನಾದವು ಆ ಟೊಳ್ಳಿನಲ್ಲಿ ತುಂಬಿ ಹೊರಡಬೇಕು. ಈ ಗಿಟಾರಿನ ಮೈಯಾದರೋ ಸುಮಾರು 45 ಮಿಲಿಮೀಟರು ದಪ್ಪದ ಗಟ್ಟಿ ಹಲಗೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ಎಳೆಯ ಸುರುಳಿಯೂ ಇರುತ್ತವೆ. ತಂತಿ ನಡುಗಿದೊಡನೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಯಂತ್ರವು ಅದನ್ನು ಹಿಗ್ಗಿಸಿ ಶಬ್ದವಾಗಿ ಮಾಡುತ್ತದೆ. 1950ರಲ್ಲಿ ಇಂತಹ ಗಿಟಾರನ್ನು ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಊರಿನಲ್ಲಿ ತಯಾರಿಸಿ ಮಾರಲು ತೊಡಗಿದ ಲಿಯೋ ಫೆಂಡರನು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಗಿಟಾರು ನುಡಿಸಲು ಬಾರದವನು! ಅವನು ಮೊದಲ ಮಾದರಿಗೆ ಪೈನ್ ಮರವನ್ನೂ, ತರುವಾಯ ಆಶ್ ಮರವನ್ನೂ, 1956ರ ಸುಮಾರಿನಿಂದ ಹೆಚ್ಚಾಗಿ ಆಲ್ಡರ್ ಮರವನ್ನೂ ಬಳಸಿದನು. ಅವನ ದೇಶದಲ್ಲಿ ಸುಲಭವಾಗಿ ಸಿಕ್ಕುತ್ತಿದ್ದ ಮರಗಳವು. ಆಶ್ ಮರಕ್ಕೆ ಈಚೆಗೆ ಕಷ್ಟಕಾಲ. 2002ರಲ್ಲಿ ಅಮೆರಿಕದಲ್ಲಿ ಕಂಡುಬಂದ ಒಂದು ಹಸುರು ದುಂಬಿಯು ಆ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ.

"ಹಾಗಾದರೆ ನಮ್ಮಲ್ಲಿ ಸುಲಭವಾಗಿ ಸಿಕ್ಕುವುದು ಹಲಸೇ ಅಲ್ಲವೆ?" ಎಂದು ಮಗನ ವಾದ. ಬೀಟೆ ತೂಕ ಬಹಳ. ಅದು ಗಿಟಾರಿನ ಮೆಟ್ಟಿಲು ಹಲಗೆಗೆ ಮಾತ್ರ ಸರಿ, ಮೈಗೆ ಹಾಕಿದರೆ ಹೆಗಲು ಮುರಿದೀತು. ಹಲಸಿನ ಗುಣವನ್ನು ಬಲ್ಲವರು ವೀಣೆಯವರು. ಆದುದರಿಂದ ದಿಮ್ಮಿಯ ಒಂದು ತುಂಡನ್ನು ಆಟೋದಲ್ಲಿ ಹೇರಿಕೊಂಡು ಸಿಂಪಾಡಿಪುರಕ್ಕೆ ಹೊರಟೆವು.

ಊರು ಸಾಮಾನ್ಯವಾದುದೇ. ಆದರೆ ನಾವು ಹೋದ ಮನೆಯ ಜಗಲಿಯ ಮೇಲೆ ಕಂಡುದನ್ನು ಮರೆಯಲಾರೆವು. ಅರ್ಧ ಕೊರೆದ ಕುಡಗಳು ದೊಡ್ಡ ಬೋಗುಣಿಗಳಂತೆ ಮಗುಚಿಕೊಂಡಿದ್ದುವು. ಗೋಡೆಗೆ ಒರಗಿದ ದಂಡಿಗಳು. ಇನ್ನೂ ಕಣ್ಣು ಬಿಡದ ಯಾಳಿಯ ಮುಖವೊಂದು. ಎಲ್ಲೆಲ್ಲಿಯೂ ಅರಿಸಿನ ಬಣ್ಣದ ಹೊಟ್ಟು. ಹಲಸು ಹೊಸದಾಗಿ ಕೊಯ್ದಾಗ ಹಳದಿ, ವರ್ಷಗಳು ಕಳೆದಂತೆ ಕಂದು. ಕಾವ್ಯಗಳಲ್ಲಿ 'ಪನಸ'ವೆಂದು ನಾವು ಪಾಠ ಹೇಳಿದುದು ಹಣ್ಣಿನ ವಿಷಯವಾಗಿಯೇ. ಮರದೊಳಗಿನ ಈ ಬಣ್ಣವನ್ನು ಅದುವರೆಗೆ ಕಂಡಿರಲಿಲ್ಲ.

ಮನೆಯ ಯಜಮಾನರು ವೃದ್ಧರು. ನಮ್ಮ ತುಂಡನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ಉಗುರಿನಿಂದ ಗೀಚಿದರು, ಕೊನೆಗೆ ಮೂಸಿಯೂ ನೋಡಿದರು.

"ಮರ ಒಳ್ಳೆಯದೇ ಮೇಷ್ಟ್ರೇ. ಆದರೆ ಇನ್ನೂ ಹಸಿ. ತಿರುಳಿನಿಂದ ಸೀಳು ಹೊರಟಿದೆ, ನೋಡಿ."

ಕೂದಲೆಳೆಯಷ್ಟು ಬಿರುಕು. ನಾವು ಗಮನಿಸಿಯೇ ಇರಲಿಲ್ಲ. ತಿರುಳನ್ನು ಬಿಟ್ಟು ಎರಡು ಪಕ್ಕಗಳಲ್ಲಿ ಕಿರಿದಾದ ಎರಡು ಹಲಗೆ ಕೊಯ್ದು, ಒಣಗಿದ ಮೇಲೆ ಅಂಟಿಸಬೇಕೆಂದು ಅವರ ಅಭಿಪ್ರಾಯ. ಇಲ್ಲಿ ನಮ್ಮ ಪಾಂಡಿತ್ಯವು ತಲೆ ಹಾಕಿತು. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಯೇ ಶ್ರೇಷ್ಠವೆನ್ನುವರಲ್ಲಾ, ಗಿಟಾರೂ ಒಂದೇ ಹಲಗೆಯದಾಗಬಾರದೇಕೆಂದು ಹಟ ಹಿಡಿದೆವು. ನಿಜವಾದ ಕಾರಣ ಬೇರೆ; ಆ ಮರವನ್ನು ಎರಡಾಗಿ ಸೀಳಲು ನಮಗೆ ಮನಸ್ಸು ಬಾರದು. ವೃದ್ಧರು ಕೋಪಿಸಿಕೊಳ್ಳಲಿಲ್ಲ. "ಏಕಾಂಡಕ್ಕೆ ದೊಡ್ಡ ಮರ ಬೇಕು ಸ್ವಾಮಿ. ಇದನ್ನು ಒಂದೇ ಮಾಡಲು ಹೋದರೆ ಸೀಳೂ ಒಳಗೇ ಉಳಿಯುತ್ತದೆ. ತಂತಿಯ ಬಿಗಿಗೆ ಎಂದಾದರೊಂದು ದಿನ ಬಾಯಿ ಬಿಡುತ್ತದೆ" ಎಂದರು. ಮಗನು ನಮ್ಮ ಮುಖವನ್ನು ನೋಡಿದನು. ನಾವು ಒಪ್ಪಿದೆವು.

ಮರದಿಂದ ಗಿಟಾರಿನ ನಾದ ಬದಲಾಗುವುದೋ ಇಲ್ಲವೋ ಎಂಬ ವಿವಾದ ಬಲ್ಲವರಲ್ಲಿಯೇ ತೀರಿಲ್ಲವಂತೆ. ತೂಕ, ಬಿಗಿ, ತಿರುಪನ್ನು ಹಿಡಿಯುವ ಶಕ್ತಿ, ಹವೆಗೆ ಸೊಟ್ಟಗಾಗದಿರುವುದು, ಇವು ಮಾತ್ರ ಮರವನ್ನೇ ಅವಲಂಬಿಸಿವೆಯೆಂಬುದು ನಮಗೂ ತಿಳಿಯಿತು. ಹಸಿ ಮರಕ್ಕೆ ಇವುಗಳಲ್ಲಿ ಒಂದೂ ಇಲ್ಲ.

ಸಾಮಿಲ್ಲಿನಲ್ಲಿ ಎರಡು ಹಲಗೆ ಕೊಯ್ಯಿಸಿ, ತುದಿಗಳಿಗೆ ಮೇಣ ಬಳಿದು, ನಡುವೆ ರೀಪು ಕೊಟ್ಟು ಅಟ್ಟದ ನೆರಳಿನಲ್ಲಿ ಇಟ್ಟಿದ್ದೇವೆ. ಅಂಗುಲ ದಪ್ಪಕ್ಕೆ ಒಂದು ವರ್ಷವೆಂದು ಬಡಗಿಗಳ ಲೆಕ್ಕ, ನಮ್ಮವು ಎರಡಂಗುಲ. ಒಲೆಯ ಬಳಿ ಇಟ್ಟರೆ ಬೇಗ ಒಣಗದೇ ಎಂದು ಮಗನು ಎರಡು ಸಲ ಕೇಳಿದನು. ಬಿರುಕಿನ ನೆನಪಾಗಿ ತಾನೇ ಸುಮ್ಮನಾದನು. ಪ್ರತಿ ಅಮಾವಾಸ್ಯೆಗೂ ತೂಗಿ, ಅಟ್ಟದ ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮ ಕೆಲಸ. ಮೊದಲ ಹಲಗೆ ಆರಂಭದಲ್ಲಿ 6 ಕಿಲೋ 100 ಗ್ರಾಂ ಇತ್ತು. ಹೋದ ಅಮಾವಾಸ್ಯೆಗೆ 4 ಕಿಲೋ 680. ಅದರ ಹಿಂದಿನ ತಿಂಗಳು 4 ಕಿಲೋ 740 ಇತ್ತು, ಇನ್ನೂ ಇಳಿಯುತ್ತಿದೆ.